ಮಾಮಾ ಕಳಿಸಿದ ಡಾಕ್ಟರ್ ಚೀಟಿ ಬಗ್ಗೆ (ಮನೆಯವರ ವಾಟ್ಸಾಪ್ ಗ್ರೂಪಿಗೆ ಧ್ವನಿ ಸಂದೇಶ, ಮೇ 2021)

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ಪುರುಸೊತ್ತಾದಾಗ ಕೇಳಿ. ಆದರೆ ಆಳಂದದ ಅತ್ತೆ, ನೀವು ಮಾತ್ರ ಈಗಲೇ ಕೇಳಬೇಕು. ಬೆಳಿಗ್ಗೆ ಶಹಾಬಾದ್ ಮಾಮಾ ಒಂದು ಡಾಕ್ಟರ್ ಚೀಟಿಯ ಫೋಟೋ ಹಾಕಿದ್ದಾರೆ. ಕೆಳಗೆ "ಕೊರೊನಾಕ್ಕೆ ಐದು ದಿನದ ಕೋರ್ಸ್, ಆಸ್ಪತ್ರೆ ಬೇಕಿಲ್ಲ, ಎಲ್ಲರಿಗೂ ಕಳಿಸಿ" ಅಂತ ಬರೆದಿದೆ. ಅದಕ್ಕೆ ನೀವು "ನನಗೂ ನಿನ್ನೆಯಿಂದ ಜ್ವರ, ಇದನ್ನೇ ತರಿಸಲೇನು?" ಅಂತ ಕೇಳಿದ್ದೀರಿ. ತರಿಸಬೇಡಿ ಅತ್ತೆ. ಯಾರಾದರೂ ಆಗಲೇ ತಂದುಕೊಟ್ಟಿದ್ದರೆ ಮುಟ್ಟಬೇಡಿ. ಯಾಕೆ ಅಂತ ಹೇಳುತ್ತೇನೆ.

ಮಾಮಾ, ನೀವು ಸಿಟ್ಟಾಗಬೇಡ್ರಿ. ನಾಲ್ಕು ಮಂದಿಗೆ ಉಪಯೋಗ ಆಗಲಿ ಅಂತಲೇ ಹಾಕಿದ್ದೀರಿ, ಗೊತ್ತು. ಆದರೆ ಈ ಚೀಟಿ ನಿಮಗಿಂತ ಮೊದಲೇ ನನ್ನ ಮೆಡಿಕಲ್‌ಗೆ ಬಂದುಹೋಗಿದೆ. ಮೊನ್ನೆ ಒಬ್ಬ ಹುಡುಗ ಬಂದ. ಕೌಂಟರಿಗೆ ಪ್ಲಾಸ್ಟಿಕ್ ಹಾಳೆ ಇಳಿಬಿಟ್ಟಿದ್ದೇವಲ್ಲ, ಅದಕ್ಕೆ ಫೋನ್ ಒತ್ತಿ ಹಿಡಿದು, ಎರಡು ಬೆರಳಿಂದ ಫೋಟೋ ದೊಡ್ಡದು ಮಾಡಿ, "ಇದರಲ್ಲಿ ಇದ್ದಷ್ಟೂ ಕೊಡಿ, ಮೂರು ಸೆಟ್" ಅಂದ. ಅದೇ ಚೀಟಿ. ಮೇಲಿನ ಭಾಗ ಕತ್ತರಿಸಿದೆ. ಡಾಕ್ಟರ್ ಹೆಸರಿಲ್ಲ, ಪೇಷಂಟ್ ಹೆಸರಿಲ್ಲ, ವಯಸ್ಸಿಲ್ಲ, ತಾರೀಖೂ ಇಲ್ಲ. ಉಳಿದಿದ್ದು ಐದು ಗುಳಿಗೆಯ ಹೆಸರು, ಪಕ್ಕದಲ್ಲಿ 1-0-1, ಅಂದರೆ ಬೆಳಿಗ್ಗೆ ಒಂದು, ರಾತ್ರಿ ಒಂದು. "ಯಾರಿಗಪ್ಪಾ ಇದು?" ಅಂದೆ. "ಮನೆ ಮಂದಿಗೆಲ್ಲ" ಅಂದ. ಅವನ ಅಪ್ಪನಿಗೆ ಶುಗರ್ ಇದೆಯಂತೆ, ಆದರೂ ಅಪ್ಪನಿಗೂ ಇದೇ ಗುಳಿಗೆ, ಅವನಿಗೂ ಇದೇ, ತಂಗಿಗೂ ಇದೇ. ಕೊಡಲಿಲ್ಲ. ಬೈದುಕೊಂಡು ಹೋದ. ಬೇರೆ ಕಡೆ ಸಿಕ್ಕಿತೋ ಏನೋ.

ಈಗ ಆ ಚೀಟಿಯ ಮೂರನೇ ಸಾಲು ನೋಡಿ. ಡೆಕ್ಸಾಮೆಥಾಸೋನ್ ಅಂತ ಇದೆ. ಅದು ಸ್ಟೀರಾಯ್ಡ್, ಮೈಯೊಳಗಿನ ಊತ-ಉರಿ ತಗ್ಗಿಸುವಂಥದ್ದು. ಒಳ್ಳೆಯ ಔಷಧಿಯೇ, ಜೀವ ಉಳಿಸುವ ಔಷಧಿ. 2020ರ ಜೂನ್‌ನಲ್ಲಿ, ಇಂಗ್ಲೆಂಡಿನಲ್ಲಿ ಆಕ್ಸ್‌ಫರ್ಡ್‌ನವರು ಎರಡು ಸಾವಿರಕ್ಕೂ ಜಾಸ್ತಿ ರೋಗಿಗಳಿಗೆ ಇದನ್ನು ಕೊಟ್ಟು ನೋಡಿದ ಫಲಿತಾಂಶ ಹೇಳಿದರು. ವೆಂಟಿಲೇಟರ್ ಮೇಲೆ ಇದ್ದವರಲ್ಲಿ ಸಾವು ಸುಮಾರು ಮೂರರಲ್ಲಿ ಒಂದು ಪಾಲು ಕಡಿಮೆ ಆಯಿತು. ಆಕ್ಸಿಜನ್ ಮೇಲೆ ಇದ್ದವರಲ್ಲಿ ಐದರಲ್ಲಿ ಒಂದು ಪಾಲು. ಆಕ್ಸಿಜನ್ನೇ ಬೇಕಿಲ್ಲದವರಿಗೆ? ಏನೂ ಉಪಯೋಗ ಇಲ್ಲ. ಫಾರ್ವರ್ಡ್ ಮಾಡುವವರಿಗೆ ಮೊದಲ ಅರ್ಧ ಮಾತ್ರ ಗೊತ್ತು. ಕೊನೆಯ ಮಾತು ದಾರಿಯಲ್ಲೇ ಉದುರಿಹೋಗಿದೆ.

ಉಪಯೋಗ ಇಲ್ಲ ಅಂದರೆ ಸುಮ್ನೆ ದುಡ್ಡು ದಂಡ, ಅಷ್ಟೇ ತಾನೇ ಅನ್ನಬೇಡಿ. ಮೈಯಲ್ಲಿ ವೈರಸ್ ಇನ್ನೂ ಬೆಳೆಯುತ್ತಿರುವಾಗ, ಅಂದರೆ ಜ್ವರ ಬಂದ ಮೊದಲ ದಿನಗಳಲ್ಲಿ, ಸ್ಟೀರಾಯ್ಡ್ ತಗೊಂಡರೆ ಅದರ ವಿರುದ್ಧ ಹೊಡೆದಾಡುವ ಶಕ್ತಿಯನ್ನೇ ಕುಗ್ಗಿಸಿದ ಹಾಗೆ. ದೆಹಲಿಯ ಏಮ್ಸ್ ಆಸ್ಪತ್ರೆಯ ನಿರ್ದೇಶಕರಾಗಿದ್ದ ಡಾ. ರಣದೀಪ್ ಗುಲೇರಿಯಾ 2021ರ ಮೇ ಶುರುವಿನಲ್ಲೇ ಇದನ್ನು ಹೇಳಿದ್ದಾರೆ. ಇನ್ನೊಂದು, ಸ್ಟೀರಾಯ್ಡ್ ಶುಗರ್ ಏರಿಸುತ್ತದೆ. ಶುಗರ್ ಇಲ್ಲದವರಿಗೇ ಏರುತ್ತದೆ, ಇನ್ನು ಇದ್ದವರ ಗತಿ ಕೇಳಬೇಕೇ? ಅತ್ತೆ, ನೀವು ಎಷ್ಟು ವರ್ಷದಿಂದ ಶುಗರ್ ಗುಳಿಗೆ ನುಂಗುತ್ತಿದ್ದೀರಿ, ನೀವೇ ಹೇಳಿ.

ಕೊರೊನಾ ಬಂದವರಿಗೆ ಹತ್ತುತ್ತದೆ ಅಂತ ಎಲ್ಲರೂ ಹೆದರುತ್ತಿರುವ ಬ್ಲ್ಯಾಕ್ ಫಂಗಸ್‌ಗೂ ಇದಕ್ಕೂ ಸಂಬಂಧ ಇದೆ. ಆ ಬೂಸ್ಟು ಮಣ್ಣಲ್ಲಿ, ಗಾಳಿಯಲ್ಲಿ, ಕೊಳೆತ ಎಲೆಯಲ್ಲಿ ಯಾವಾಗಲೂ ಇರುವಂಥದ್ದು. ಒಬ್ಬರಿಂದ ಒಬ್ಬರಿಗೆ ಹರಡುವುದಿಲ್ಲ. ಹಿಡಿತ ತಪ್ಪಿದ ಶುಗರ್, ಮೇಲಿಂದ ಬೇಕಾಬಿಟ್ಟಿ ಸ್ಟೀರಾಯ್ಡ್, ಇಂಥ ಮೈ ಸಿಕ್ಕರೆ ಅದಕ್ಕೆ ಹಬ್ಬ. ಮುಖದ ಒಂದು ಕಡೆ ನೋವು, ಬಾವು, ಮೂಗಿನಿಂದ ಕಪ್ಪಗೆ ಸೋರುವುದು, ಕಣ್ಣು ಮಂಜಾಗುವುದು, ಹಲ್ಲು ಅಲ್ಲಾಡುವುದು, ಇಂಥದ್ದು ಕಂಡರೆ ಅವತ್ತೇ ಆಸ್ಪತ್ರೆಗೆ ಹೋಗಬೇಕು. ಅದರ ಇಂಜೆಕ್ಷನ್, ಆಂಫೋಟೆರಿಸಿನ್, ಈ 2021ರ ಮೇ ತಿಂಗಳಲ್ಲಿ ದುಡ್ಡು ಹಿಡಿದುಕೊಂಡು ಓಡಾಡಿದರೂ ಸಿಗುತ್ತಿಲ್ಲ.

ಇಷ್ಟರ ನಡುವೆ ನಮ್ಮ ಗ್ರೂಪಿನಲ್ಲಿ ಏನು ಓಡಾಡುತ್ತಿದೆ? ಉಳ್ಳಾಗಡ್ಡಿ ಸಿಪ್ಪೆ ಮೇಲಿನ ಕಪ್ಪೇ ಬ್ಲ್ಯಾಕ್ ಫಂಗಸ್ ಅಂತೆ, ಫ್ರಿಜ್ಜಿನ ರಬ್ಬರಿನಲ್ಲೂ ಅದೇ ಅಂತೆ. ಅದು ಬೇರೆ ಜಾತಿಯ ಬೂಸ್ಟು, ಹಿಂದಿನಿಂದಲೂ ಇದೆ. ತೊಳೆದು ಹೆಚ್ಚಿಕೊಳ್ಳಿ. ರೊಟ್ಟಿ ಜೊತೆ ಉಳ್ಳಾಗಡ್ಡಿ ಬಿಟ್ಟರೆ ನಮ್ಮ ಮನೆಯಲ್ಲಿ ಊಟ ಆಗುತ್ತದೇನು?

ಕೊರೊನಾಕ್ಕೆ ಮದ್ದು, ಆಕ್ಸಿಜನ್ ಏರುತ್ತದೆ ಅಂತ ಹಬ್ಬಿಸುವ ಲಿಂಬೆಹಣ್ಣಿನ ರಸ, ಕರ್ಪೂರ-ಲವಂಗ-ಅಜವಾನದ ಗಂಟು, ಇವಕ್ಕೆ ಜಾಸ್ತಿ ಹೊತ್ತು ಬೇಡ. ಗಂಟು ಮೂಸಿದರೆ ಮೂಗು ತೆರೆದ ಹಾಗೆ ಅನ್ನಿಸುತ್ತದೆ, ರಕ್ತದ ಆಕ್ಸಿಜನ್ ಒಂದು ಪಾಯಿಂಟೂ ಏರುವುದಿಲ್ಲ. ಕರ್ಪೂರ ಮಕ್ಕಳ ಹೊಟ್ಟೆಗೆ ಹೋದರೆ ವಿಷ, ದೂರ ಇಡಿ. ಮೂಗಿಗೆ ಲಿಂಬೆ ರಸ ಬಿಡುವುದು ಸುಳ್ಳು ಮದ್ದು ಅಂತ ಕೇಂದ್ರ ಸರ್ಕಾರದ ಪತ್ರಿಕಾ ವಿಭಾಗ ಪಿಐಬಿಯವರೇ ಹೇಳಿದ್ದಾರೆ. ರಾಯಚೂರು ಜಿಲ್ಲೆಯಲ್ಲಿ ಶಿಕ್ಷಕರೊಬ್ಬರು ಹಾಗೆ ರಸ ಬಿಟ್ಟುಕೊಂಡು ತೀರಿಕೊಂಡರು ಅಂತ ಪೇಪರಿನಲ್ಲೂ ಬಂದಿತ್ತು.

ಆದರೆ ನನಗೆ ಲಿಂಬೆಗಿಂತ ಈ ಚೀಟಿಯದ್ದೇ ಹೆದರಿಕೆ. ಲಿಂಬೆ ಸುದ್ದಿಗೆ ಅರ್ಧ ಮಂದಿ ನಗುತ್ತಾರೆ. ಚೀಟಿಯಲ್ಲಿ ಇರುವುದೆಲ್ಲ ನಿಜವಾದ ಔಷಧಿ, ಬರೆದವರೂ ನಿಜವಾದ ಡಾಕ್ಟರೇ ಇರಬಹುದು. ಆದರೆ ಅವರು ಬರೆದಿದ್ದು ಯಾರೋ ಒಬ್ಬ ಪೇಷಂಟಿಗೆ, ಅವನ ಆಕ್ಸಿಜನ್, ಅವನ ಶುಗರ್ ನೋಡಿ. ನಿಮಗೆ ಅಲ್ಲ.

ನಮ್ಮ ದೊಡ್ಡಪ್ಪನ ಮಗ ಕೇಳಿದ್ದಾನೆ, "ಅದರ ಮೇಲೆ ಎರಡು ಬಾಣದ ಗುರುತು ಇಲ್ಲವಲ್ಲ, ಹಾಗಾದರೆ ಫಾರ್ವರ್ಡ್ ಅಲ್ಲ ಅಲ್ವಾ?" ಅಂತ. ತಮ್ಮಾ, ತುಂಬಾ ಕೈ ದಾಟಿದ ಮೆಸೇಜಿಗೆ ವಾಟ್ಸಾಪ್ ಎರಡು ಬಾಣ ಹಾಕುತ್ತದೆ, ನಿಜ. 2020ರ ಏಪ್ರಿಲ್‌ನಿಂದ ಅಂಥದ್ದನ್ನು ಒಂದು ಸಲಕ್ಕೆ ಒಬ್ಬರಿಗೋ ಒಂದು ಗ್ರೂಪಿಗೋ ಮಾತ್ರ ಕಳಿಸಬಹುದು. ಆದರೆ ಯಾರಾದರೂ ಸ್ಕ್ರೀನ್‌ಶಾಟ್ ತೆಗೆದು ಹೊಸದಾಗಿ ಹಾಕಿದರೆ ಬಾಣವೂ ಇಲ್ಲ, ಗುರುತೂ ಇಲ್ಲ. ಮಾಮಾ ಹಾಕಿದ ಫೋಟೋ ನೋಡು, ಮೇಲೆ ಯಾರದೋ ಫೋನಿನ ಬ್ಯಾಟರಿ ಗುರುತು ಕಾಣುತ್ತದೆ.

ಜನ ಯಾಕೆ ನಂಬುತ್ತಾರೆ ಅನ್ನುವುದೂ ನನಗೆ ಗೊತ್ತು. 2020ರ ಮಾರ್ಚ್‌ನಲ್ಲಿ ದೇಶದ ಮೊದಲ ಕೊರೊನಾ ಸಾವು ಆಗಿದ್ದು ನಮ್ಮ ಕಲಬುರಗಿಯ ಹಿರಿಯರದ್ದು. ಆಗಿನಿಂದ ಹೆದರಿಕೆ ನಮ್ಮ ಊರು ಬಿಟ್ಟು ಹೋಗಿಲ್ಲ. ಆಗ ಕೋಳಿ ತಿಂದರೆ ಬರುತ್ತದೆ ಅಂತ ಹಬ್ಬಿಸಿ ಕೋಳಿ ಸಾಕಿದವರನ್ನು ಮುಳುಗಿಸಿದರು. ಈಗ 2021ರ ಎರಡನೇ ಅಲೆಯಲ್ಲಿ ಬೆಡ್ ಸಿಗಲ್ಲ, ಡಾಕ್ಟರ್ ಫೋನ್ ಎತ್ತಲ್ಲ. ಅಂಥ ಹೊತ್ತಲ್ಲಿ ಫೋನಿಗೆ ಬಂದ ಚೀಟಿ ಕಂಡರೆ ಯಾರಿಗಾದರೂ ಧೈರ್ಯ ಬರುತ್ತದೆ.

ಒಂದು ಮಾತು ಮರೆತಿದ್ದೆ. ಇದನ್ನು ಕೇಳಿ ಹೆದರಿಕೊಂಡು, ಡಾಕ್ಟರ್ ನೋಡಿ ಕೊಟ್ಟ ಸ್ಟೀರಾಯ್ಡನ್ನು ಯಾರೂ ಥಟ್ ಅಂತ ನಿಲ್ಲಿಸಬೇಡಿ. ಅದೂ ಅಪಾಯ. ದಮ್ಮಿನ ಪಂಪಿನಲ್ಲೂ ಸ್ಟೀರಾಯ್ಡ್ ಇರಬಹುದು, ಆದರೆ ಅದನ್ನು ಎಳೆದುಕೊಳ್ಳುವ ಕಾಕಾ ಬಿಡುವ ಹಾಗೇ ಇಲ್ಲ.

ಅತ್ತೆ, ನೀವು ಮಾಡಬೇಕಾಗಿದ್ದು ಇಷ್ಟು. ಇವತ್ತೇ ಟೆಸ್ಟ್ ಮಾಡಿಸಿ. ಜ್ವರಕ್ಕೆ ಪ್ಯಾರಾಸಿಟಮಾಲ್ ಸಾಕು. ಶುಗರ್ ಗುಳಿಗೆ ಬಿಡಬೇಡಿ. ಬೆರಳಿಗೆ ಹಾಕಿ ಆಕ್ಸಿಜನ್ ನೋಡುವ ಮಷಿನ್ ಪಕ್ಕದ ಮನೆಯಲ್ಲಿ ಇದೆ ಅಂದಿದ್ದಿರಿ, ಹೊತ್ತುಹೊತ್ತಿಗೆ ನೋಡಿ. 94ಕ್ಕಿಂತ ಕೆಳಗೆ ಬಂದರೆ ಯಾರನ್ನೂ ಕೇಳುತ್ತಾ ಕೂರಬೇಡಿ, 108ಕ್ಕೆ ಫೋನ್ ಮಾಡಿ ತಾಲೂಕು ಆಸ್ಪತ್ರೆಗೆ ಹೋಗಿ. ಡಾಕ್ಟರ್ ಸಲಹೆಗೆ 104 ಇದೆ.

ಮಾಮಾ, ಆ ಫೋಟೋ ಆಗಲೇ ಎಲ್ಲರ ಫೋನಿಗೆ ಹೋಗಿಬಿಟ್ಟಿದೆ. ಅದಕ್ಕೇ ರಿಪ್ಲೈ ಹಾಕಿ "ಇದನ್ನು ಯಾರೂ ತಗೊಳ್ಳಬೇಡಿ" ಅಂತ ನೀವೇ ಬರೆಯಿರಿ. ನಾನು ಹೇಳಿದ್ದಕ್ಕಿಂತ ನೀವು ಹೇಳಿದರೆ ಕೇಳುತ್ತಾರೆ. ಬೇರೆ ಯಾವ ಗ್ರೂಪಿಗೆ ಕಳಿಸಿದ್ದೀರೋ ಅಲ್ಲೂ ಹಾಕಿ.

ಅತ್ತೆ, ಶುಗರ್ ನೋಡುವ ಸ್ಟ್ರಿಪ್ ಮುಗಿದಿದ್ದರೆ ಈಗಲೇ ಹೇಳಿ. ನಾಳೆ ಬೆಳಿಗ್ಗೆ ಹಾಲಿನ ಗಾಡಿ ಆಳಂದಕ್ಕೆ ಬರುತ್ತದೆ, ಅವರ ಕೈಯಲ್ಲಿ ಕಳಿಸುತ್ತೇನೆ.