ಅಜ್ಜನ ಫರ್ಗುಸನ್ ಟ್ರ್ಯಾಕ್ಟರಿಗೆ ಯಾವ ಎಣ್ಣೆ?

ಭಾವ: (ಮನೆಯವರ ಗುಂಪಿಗೆ ಫಾರ್ವರ್ಡ್) "ಹಳೇ ಪೆಟ್ರೋಲ್ ಟ್ರ್ಯಾಕ್ಟರಿಗೆ ಅರ್ಧ ಡೀಸೆಲ್ ಬೆರೆಸಿ ಹಾಕಿ, ಖರ್ಚು ಉಳಿಸಿ." ಇದನ್ನು ನೋಡಿ ಎಲ್ಲರೂ. ಆಯುಧ ಪೂಜೆಗೆ ಗಾಡಿ ಹೊರಗೆ ತೆಗೆಯಬೇಕಲ್ವಾ, ಈ ಸಲ ಹೀಗೇ ಮಾಡೋಣ.

ಅಣ್ಣ: ಬೇಡ ಭಾವ. ನಾನು ಬೆಂಗಳೂರಿನಿಂದ ಬರುವಾಗ 100 ಆಕ್ಟೇನ್ ಪೆಟ್ರೋಲ್ ತರುತ್ತೇನೆ. ಅಜ್ಜನ ಗಾಡಿಗೆ ಒಳ್ಳೇದೇ ಹಾಕೋಣ.

ದೊಡ್ಡಪ್ಪ: ಎರಡೂ ಬೇಡ. ಅಪ್ಪ ಅದನ್ನು ಓಡಿಸಿದ್ದು ಸೀಮೆಎಣ್ಣೆಯಲ್ಲಿ. ಪೆಟ್ರೋಲಲ್ಲಿ ಸ್ಟಾರ್ಟ್ ಮಾಡಿ, ಎಂಜಿನ್ ಬಿಸಿಯಾದ ಮೇಲೆ ಸೀಮೆಎಣ್ಣೆಗೆ ತಿರುಗಿಸುತ್ತಿದ್ದರು. ನಾನೇ ಪಕ್ಕದಲ್ಲಿ ನಿಂತು ನೋಡಿದ್ದೇನೆ.

ನಾನು: ಭಾವ, ದಯವಿಟ್ಟು ಡೀಸೆಲ್ ಒಂದು ಬೇಡ. ನಮ್ಮದು ಸ್ಪಾರ್ಕ್ ಪ್ಲಗ್ ಎಂಜಿನ್. ಡೀಸೆಲ್ ಕಾರ್ಬುರೇಟರಿನಲ್ಲಿ ಸರಿಯಾಗಿ ಆವಿಯಾಗುವುದಿಲ್ಲ. ಪ್ಲಗ್ಗಿಗೆ ಮಸಿ ಹಿಡಿಯುತ್ತದೆ. ಉರಿಯದೆ ಉಳಿದದ್ದು ಸಿಲಿಂಡರ್ ಗೋಡೆಯ ಆಯಿಲ್ ತೊಳೆದುಕೊಂಡು ಎಂಜಿನ್ ತಳದ ಆಯಿಲ್ ತೊಟ್ಟಿಗೆ ಇಳಿಯುತ್ತದೆ.

ಭಾವ: ಊರಲ್ಲಿರುವ ಟ್ರ್ಯಾಕ್ಟರೆಲ್ಲ ಡೀಸೆಲ್ಲೇ ಅಲ್ವಾ? ಫರ್ಗುಸನ್ನಿನಲ್ಲೂ ಡೀಸೆಲ್ ಇತ್ತು ಅಂತ ಕೇಳಿದ್ದೇನೆ.

ನಾನು: ಇತ್ತು. ನಮ್ಮ ಫರ್ಗುಸನ್ನಿನ ಮಾಡೆಲ್ ಟಿಇ20. ಅದನ್ನು 1946ರಿಂದ 1956ರವರೆಗೆ ಇಂಗ್ಲೆಂಡಿನ ಕೊವೆಂಟ್ರಿಯಲ್ಲಿ ಮಾಡಿದರು, ಒಟ್ಟು ಐದು ಲಕ್ಷಕ್ಕೂ ಜಾಸ್ತಿ. ಹೊರಗಿನಿಂದ ಎಲ್ಲವೂ ಒಂದೇ ಥರ ಬೂದು ಬಣ್ಣ. ಎಂಜಿನ್ ಬೇರೆ ಬೇರೆ. ಸ್ಟಿಯರಿಂಗ್ ಮುಂದಿನ ಪ್ಲೇಟಿನಲ್ಲಿ ನಂಬರಿನ ಮೊದಲ ಮೂರು ಅಕ್ಷರ ನೋಡಬೇಕು. ಟಿಇಎ ಅಂದರೆ ಪೆಟ್ರೋಲ್, ಟಿಇಎಫ್ ಅಂದರೆ ಡೀಸೆಲ್. ಹೋದ ಸಲ ನಾನು ತೆಗೆದ ಫೋಟೋ ಇದೇ ಗುಂಪಿನಲ್ಲಿದೆ. ನಮ್ಮದು ಟಿಇಡಿ. ದೊಡ್ಡಪ್ಪ ಹೇಳಿದ್ದು ಪೂರ್ತಿ ನಿಜ, ಇದು ಸೀಮೆಎಣ್ಣೆ ಜಾತಿಯದ್ದೇ.

ದೊಡ್ಡಪ್ಪ: ಮತ್ತೆ? ಅಷ್ಟು ವರ್ಷ ಓಡಿತು, ಏನೂ ಆಗಲಿಲ್ಲ.

ನಾನು: ದೊಡ್ಡಪ್ಪ, ಅಜ್ಜನ ಕಾಲದಲ್ಲಿ ಅದು ಬೆಳಿಗ್ಗೆಯಿಂದ ಸಂಜೆವರೆಗೆ ಗದ್ದೆ ಉಳುತ್ತಿತ್ತು. ಎಂಜಿನ್ ಸದಾ ಕಾದಿರುತ್ತಿತ್ತು, ಹಾಗಾಗಿ ಸೀಮೆಎಣ್ಣೆ ಸರಿಯಾಗಿ ಆವಿಯಾಗಿ ಉರಿಯುತ್ತಿತ್ತು. ಆಯಿಲ್ ಕೂಡ ಅವರು ಪದೇ ಪದೇ ಬದಲಾಯಿಸುತ್ತಿದ್ದರು ಅಂತ ನೀವೇ ಹೇಳಿದ್ದೀರಿ. ಅದಕ್ಕೆ ಕಾರಣವೂ ಇದೇ, ಸೀಮೆಎಣ್ಣೆ ಸ್ವಲ್ಪ ಸ್ವಲ್ಪ ಇಳಿದು ಆಯಿಲ್ ನೀರಿನ ಹಾಗೆ ತೆಳ್ಳಗಾಗುತ್ತದೆ. ನಾವು ಈಗ ಮಾಡುವುದೇನು? ಪೂಜೆ ಮುಗಿಸಿ, ನಿಂಬೆಹಣ್ಣಿನ ಮೇಲೆ ಗಾಲಿ ಹತ್ತಿಸಿ, ಅಂಗಳದಲ್ಲಿ ಒಂದು ಸುತ್ತು. ಎಂಜಿನ್ ಕಾಯುವಷ್ಟರಲ್ಲಿ ಆಫ್. ಹೀಗೆ ಓಡಿಸುವುದಕ್ಕೆ ಸೀಮೆಎಣ್ಣೆಯಷ್ಟು ಕೆಟ್ಟದ್ದು ಇನ್ನೊಂದಿಲ್ಲ. ಇನ್ನೊಂದು ವಿಷಯ. ಇಂಗ್ಲೆಂಡಿನಲ್ಲಿ ಟಿವಿಒ (ಟ್ರ್ಯಾಕ್ಟರ್ ವೇಪರೈಸಿಂಗ್ ಆಯಿಲ್) ಅಂತ ಟ್ರ್ಯಾಕ್ಟರಿಗೇ ಬೇರೆ ಎಣ್ಣೆ ಮಾರುತ್ತಿದ್ದರು, ಅದರ ಆಕ್ಟೇನ್ ಸೀಮೆಎಣ್ಣೆಗಿಂತ ಜಾಸ್ತಿ. ಬರೀ ಸೀಮೆಎಣ್ಣೆ ಹಾಕಿ ಲೋಡ್ ಕೊಟ್ಟರೆ ಎಂಜಿನ್ ಒಳಗೆ ಟಕಟಕ ಅಂತ ಕುಟ್ಟುತ್ತದೆ. ರೇಷನ್ನಿನ ನೀಲಿ ಸೀಮೆಎಣ್ಣೆಯನ್ನಂತೂ ಗಾಡಿಗೆ ಹಾಕುವಂತೆಯೇ ಇಲ್ಲ, ಅದು ಅಡುಗೆಗೆ, ದೀಪಕ್ಕೆ ಅಂತ ಕೊಡುವುದು.

ಅಣ್ಣ: ಹಾಗಾದರೆ ನಾನು ಹೇಳಿದ್ದೇ ಸರಿ ಆಯಿತಲ್ಲ, 100 ಆಕ್ಟೇನ್.

ನಾನು: ಇಲ್ಲ ಅಣ್ಣ. ಆಕ್ಟೇನ್ ಅಂದರೆ ಶಕ್ತಿ ಅಲ್ಲ. ಒತ್ತಡ ಬಿದ್ದಾಗ ತನ್ನಷ್ಟಕ್ಕೆ ತಾನೇ ಹೊತ್ತಿಕೊಳ್ಳದೆ ತಡೆಯುವ ಗುಣ ಅಷ್ಟೇ. ಒತ್ತಡ ಜಾಸ್ತಿ ಇರುವ ಈಗಿನ ಬೈಕಿಗೆ ಅದು ಬೇಕು. ಸೀಮೆಎಣ್ಣೆಗೆ ಅಂತ ಮಾಡಿದ ಈ ಎಂಜಿನ್ನಿನಲ್ಲಿ ಕಂಪ್ರೆಷನ್, ಅಂದರೆ ಆ ಒತ್ತಡ, ತೀರಾ ಕಡಿಮೆ. ಬಂಕಿನ ಮಾಮೂಲಿ ಪೆಟ್ರೋಲೇ ಧಾರಾಳ. ಸುಮ್ನೆ ದುಡ್ಡು ದಂಡ.

ಅತ್ತೆ: ಮಾಮೂಲಿ ಪೆಟ್ರೋಲಿಗೆ ಈಗ ಎಥೆನಾಲ್ ಸೇರಿಸುತ್ತಾರಂತಲ್ಲ? ನನ್ನ ಹಳೇ ಸ್ಕೂಟರಿನ ಪೈಪ್ ಹೋಯಿತು ಅಂತ ಮೆಕ್ಯಾನಿಕ್ ಅಂದಿದ್ದ.

ನಾನು: ಅತ್ತೆ, ನಿಜವಾದ ಸಮಸ್ಯೆ ಅದೇ. ನಾವು ಜಗಳ ಆಡಬೇಕಾದದ್ದೂ ಅದರ ಬಗ್ಗೆ. ಈಗ ಸಿಗುವುದು ಇ20, ನೂರಕ್ಕೆ 20 ಭಾಗ ಎಥೆನಾಲ್. ಹಳೇ ರಬ್ಬರ್ ಅದರಲ್ಲಿ ಉಬ್ಬಿ ಬಿರಿಯುತ್ತದೆ. ಎಥೆನಾಲ್ ನೀರನ್ನೂ ಎಳೆದುಕೊಳ್ಳುತ್ತದೆ. ವರ್ಷಗಟ್ಟಲೆ ಟ್ಯಾಂಕಿನಲ್ಲಿ ಬಿಟ್ಟರೆ ನೀರು, ಎಥೆನಾಲ್ ಎರಡೂ ಸೇರಿ ತಳದಲ್ಲಿ ಬೇರೆಯಾಗಿ ನಿಲ್ಲುತ್ತವೆ, ತಗಡು ತುಕ್ಕು ಹಿಡಿಯುತ್ತದೆ. ಟ್ಯಾಂಕಿನ ಹಳೇ ಗಸಿಯನ್ನೂ ಅದು ಕರಗಿಸಿ ಕಾರ್ಬುರೇಟರಿಗೆ ತರುತ್ತದೆ. ಹೋದ ವರ್ಷ ಪೂಜೆ ಆದ ಮೇಲೆ ಟ್ಯಾಂಕ್ ಖಾಲಿ ಮಾಡಲೇ ಇಲ್ಲ ನಾವು.

ಭಾವ: ಒಂದು ದಿನದ ಪೂಜೆಗೆ ಇಷ್ಟೆಲ್ಲ ಯಾಕೆ? ಪೆಟ್ರೋಲ್ ನೂರು ದಾಟಿದೆ.

ನಾನು: ಭಾವ, ಬೇಕಾಗಿರುವುದು ಎರಡು ಲೀಟರ್. ಡೀಸೆಲ್ ಬೆರೆಸಿದರೆ ಉಳಿಯುವುದು ಎಷ್ಟು? ಸಿಲಿಂಡರಿನ ಒಳಗಿನ ರಿಂಗ್, ಲೈನರ್ ಹೋದರೆ ಬಿಚ್ಚಿಸಿ ಕೂರಿಸುವ ಖರ್ಚು ನಾಲ್ಕೂ ಮನೆಗೆ ಬರುತ್ತದೆ. ಗಾಡಿ ಎಲ್ಲರದ್ದು.

ದೊಡ್ಡಪ್ಪ: ಪೆಟ್ರೋಲಲ್ಲೇ ಓಡಿಸಿ, ನನ್ನ ಅಡ್ಡಿ ಇಲ್ಲ. ಆದರೆ ಸೀಮೆಎಣ್ಣೆ ಕಾಯಿಸುವ ಮ್ಯಾನಿಫೋಲ್ಡ್ ಕೊಳವೆಯಾಗಲಿ, ಅದರ ನಲ್ಲಿಯಾಗಲಿ ಬಿಚ್ಚಿ ಎಸೆಯಬಾರದು. ಅಪ್ಪ ಇಟ್ಟ ಹಾಗೇ ಇರಬೇಕು.

ನಾನು: ಖಂಡಿತ ದೊಡ್ಡಪ್ಪ, ಅದನ್ನು ಯಾರೂ ಮುಟ್ಟುವುದಿಲ್ಲ. ಪೆಟ್ರೋಲಿಗೆ ಟ್ಯಾಂಕಿನಲ್ಲಿ ಬೇರೆ ಸಣ್ಣ ಭಾಗ ಇದೆ, ಅಷ್ಟರಲ್ಲೇ ಮುಗಿಸೋಣ.

ಅಣ್ಣ: ಸರಿ, ನಾನು ಏನು ತರಲಿ?

ನಾನು: ಎಥೆನಾಲ್ ತಡೆಯುವ ಪೆಟ್ರೋಲ್ ಪೈಪ್ ಒಂದು ಮೀಟರ್, ಎರಡು ಕ್ಲಿಪ್, ಕೆಸರು ನಿಲ್ಲುವ ಗಾಜಿನ ಬಟ್ಟಲಿಗೆ ಹೊಸ ವಾಷರ್. ಹಳೇ ಕಾರ್ಕ್ ವಾಷರ್ ಸೋರುತ್ತಿದೆ. ಭಾನುವಾರ ಹಳೇ ಪೆಟ್ರೋಲ್ ಇಳಿಸಿ, ಟ್ಯಾಂಕ್ ತೊಳೆದು, ಎಂಜಿನ್ ಆಯಿಲ್ ಬದಲಾಯಿಸುತ್ತೇನೆ. ಪೂಜೆ ಆದ ಸಂಜೆ ನಲ್ಲಿ ಮುಚ್ಚಿ ಕಾರ್ಬುರೇಟರ್ ಒಣಗುವವರೆಗೆ ಓಡಿಸಿ ನಿಲ್ಲಿಸೋಣ. ಭಾನುವಾರದವರೆಗೆ ಯಾರೂ ಸ್ಟಾರ್ಟ್ ಮಾಡಬೇಡಿ.

ಭಾವ: ಸರಿ. ಡೀಸೆಲ್ ಕ್ಯಾನ್ ಪಂಪ್‌ಸೆಟ್ಟಿಗೆ ಕೊಟ್ಟುಬಿಡುತ್ತೇನೆ.