ಆಯುಷ್ಮಾನ್ ಕಾರ್ಡು ಈಗ ಇಲ್ಲಿ ನಡೆಯಲ್ಲ ಅಂತಾರೆ, ಯಾಕೆ?

ಪ್ರಶ್ನೆ (ಕುಮಟಾದಿಂದ): ಅಕ್ಕ, ಅಮ್ಮನಿಗೆ ಪಿತ್ತಕೋಶದಲ್ಲಿ ಕಲ್ಲು. ನಮ್ಮದು ಬಿಪಿಎಲ್ ಕುಟುಂಬ. ಮೊದಲು ಆಯುಷ್ಮಾನ್ ಕಾರ್ಡಿಗೆ ಆಪರೇಶನ್ ಮಾಡುತ್ತಿದ್ದ ನರ್ಸಿಂಗ್ ಹೋಮಿನವರು ಈಗ ಸ್ಕೀಮ್ ಬಿಟ್ಟಿದ್ದಾರೆ. ಸರ್ಕಾರದ ದರ ಸಾಲುವುದಿಲ್ಲವಂತೆ. ಡಾಕ್ಟರಿಗೆ ದುಡ್ಡಿನ ಆಸೆ ಅಂತ ಊರಲ್ಲಿ ಮಾತು. ನಿಜ ಏನು?

ಉತ್ತರ: ತಮ್ಮಾ, ನಾನು ಡಾಕ್ಟರಲ್ಲ. ಶಿರಸಿ ಕಡೆ ಇಪ್ಪತ್ತು ಹಾಸಿಗೆಯ ನರ್ಸಿಂಗ್ ಹೋಮಿನಲ್ಲಿ ಸ್ಕೀಮಿನ ಫೈಲು ನೋಡಿಕೊಳ್ಳುವವಳು. ಬರೀ ಆಸೆ ಅಂತ ಹೇಳಿದರೆ ತಪ್ಪಾಗುತ್ತದೆ.

ಒಂದೊಂದು ಚಿಕಿತ್ಸೆಗೂ ಸರ್ಕಾರ ಒಂದು ಪ್ಯಾಕೇಜ್ ದರ ಕಟ್ಟಿರುತ್ತದೆ. ಹಾಸಿಗೆ, ಔಷಧ, ಆಪರೇಶನ್, ಊಟ ಎಲ್ಲ ಅದರೊಳಗೇ ಮುಗಿಯಬೇಕು. ಬಿಪಿಎಲ್ ರೋಗಿಯ ಹತ್ತಿರ ಮೇಲೆ ಒಂದು ರೂಪಾಯಿ ಕೇಳುವಂತಿಲ್ಲ. ಆ ನಿಯಮ ಸರಿಯಾಗಿಯೇ ಇದೆ. ಆದರೆ ದರ ಇಳಿಸಿದರೆ, ಅಥವಾ ವರ್ಷಗಟ್ಟಲೆ ಏರಿಸದೇ ಬಿಟ್ಟರೆ, ಖರ್ಚೇನು ಇಳಿಯುವುದಿಲ್ಲ. ನಮ್ಮಲ್ಲಿಗೆ ಅರವಳಿಕೆ ಡಾಕ್ಟರು ಹುಬ್ಬಳ್ಳಿಯಿಂದ ಬರುತ್ತಾರೆ. ಅವರ ಫೀಸು ಅವತ್ತೇ ಕೊಡಬೇಕು. ಔಷಧದ ಅಂಗಡಿಯವರು ತಿಂಗಳ ಸಾಲ ಕೊಡುತ್ತಾರೆ, ಅಷ್ಟೇ. ಸರ್ಕಾರದ ದುಡ್ಡು ಬರುವುದು ಆಮೇಲೆ.

ಅದೂ ಪೂರ್ತಿ ಬರುತ್ತದೆ ಅಂತಿಲ್ಲ. ಹರ್ನಿಯಾಕ್ಕೆ ಜಾಲರಿ ಹಾಕಿದರೆ ಅದರ ಪೊಟ್ಟಣದ ಸ್ಟಿಕ್ಕರ್ ಕಿತ್ತು ಫೈಲಿಗೆ ಅಂಟಿಸಬೇಕು. ಒಮ್ಮೆ ಥಿಯೇಟರಿನ ಗಡಿಬಿಡಿಯಲ್ಲಿ ಆ ಸ್ಟಿಕ್ಕರ್ ಕಸದ ಬುಟ್ಟಿಗೆ ಹೋಯಿತು. ಬುಟ್ಟಿ ಬೋರಲು ಹಾಕಿ ಹುಡುಕಿದೆ, ಸಿಗಲಿಲ್ಲ. ಸ್ಟಿಕ್ಕರ್ ಎಲ್ಲಿ ಅಂತ ಸ್ಕೀಮಿನವರ ಕ್ವೆರಿ ಬಂತು, ಉತ್ತರ ಬರೆದೆ, ಕೊನೆಗೆ ಆ ದುಡ್ಡು ಕಡಿತವಾಯಿತು. ರೋಗಿ ಅಷ್ಟರಲ್ಲಿ ಗುಣವಾಗಿ ತೋಟದ ಕೆಲಸಕ್ಕೂ ಹೋಗುತ್ತಿದ್ದ.

ಹೀಗೆ ಹಣ ಸಿಕ್ಕಿಕೊಂಡ ಒಂದು ದೀಪಾವಳಿಗೆ ನಮ್ಮ ನರ್ಸುಗಳಿಗೆ ಅರ್ಧ ಸಂಬಳ ಆಯಿತು. ಇಬ್ಬರು ಹುಡುಗಿಯರು ಗೋವಾಕ್ಕೆ ಕೆಲಸಕ್ಕೆ ಹೋದರು. ರಾತ್ರಿ ಪಾಳಿಗೆ ಒಬ್ಬಳೇ ಉಳಿದಳು. ಎರಡು ವಾರ್ಡು, ಒಬ್ಬ ನರ್ಸು. ಕಡಿತ ಮೊದಲು ತಟ್ಟುವುದು ಇಂಥವರಿಗೆ. ನನಗೆ ಈಗಲೂ ಅದು ನೆನೆದರೆ ಬೇಸರ.

ಪ್ರಶ್ನೆ (ಸಿದ್ದಾಪುರದಿಂದ): ಯಶಸ್ವಿನಿ ನಿಂತಾಗಲೂ ಹೀಗೇ ಆಗಿತ್ತಾ?

ಉತ್ತರ: ಹೌದು. ಸಹಕಾರಿ ಸೊಸೈಟಿ ಸದಸ್ಯರಿಗಾಗಿ 2003ರಿಂದ ನಡೆದಿದ್ದ ಆ ಆರೋಗ್ಯ ಯೋಜನೆ 2018ರಲ್ಲಿ ನಿಂತಿತು. ಸೊಸೈಟಿ ಸದಸ್ಯರಾಗಿದ್ದ ಅಡಿಕೆ ಬೆಳೆಗಾರರಲ್ಲಿ ಎಷ್ಟೋ ಜನ ಎಪಿಎಲ್. ಆರೋಗ್ಯ ಕರ್ನಾಟಕದಲ್ಲಿ (ಆಯುಷ್ಮಾನ್ ಕಾರ್ಡಿನ ಸ್ಕೀಮು ಇದೇ) ಅವರಿಗೆ ಸಿಗುವುದು ಪ್ಯಾಕೇಜ್ ದರದ ಶೇ. 30, ಅದೂ ಕುಟುಂಬಕ್ಕೆ ವರ್ಷಕ್ಕೆ 1.5 ಲಕ್ಷದವರೆಗೆ. ಬಿಪಿಎಲ್‌ಗೆ 5 ಲಕ್ಷ. ಉಳಿದ ದುಡ್ಡು ಕೈಯಿಂದ ಹಾಕಬೇಕಲ್ವಾ? "ಕೊಯ್ಲು ಮುಗಿದ ಮೇಲೆ ನೋಡೋಣ" ಅಂತ ಆಪರೇಶನ್ ಮುಂದೆ ಹಾಕಿದರು. ನಮ್ಮ ಥಿಯೇಟರ್ ಎಷ್ಟೋ ದಿನ ಖಾಲಿ ಇತ್ತು. 2023ರ ಜನವರಿಯಲ್ಲಿ ಯಶಸ್ವಿನಿ ಮತ್ತೆ ಶುರುವಾಯಿತು.

ಪ್ರಶ್ನೆ (ಕುಮಟಾದಿಂದ): ಈಗ ಅಮ್ಮನಿಗೆ ಏನು ಮಾಡಲಿ ಅಕ್ಕ?

ಉತ್ತರ: ಮೊದಲು ತಾಲೂಕು ಆಸ್ಪತ್ರೆಗೆ ಹೋಗು. ಅಲ್ಲಿ ಆಗದಿದ್ದರೆ ಬೇರೆ ಆಸ್ಪತ್ರೆಗೆ ಕಳಿಸುವ ಚೀಟಿ, ಅಂದರೆ ರೆಫರಲ್, ಬರೆಸಿಕೋ. ಕಾರವಾರದ ಮೆಡಿಕಲ್ ಕಾಲೇಜು ಆಸ್ಪತ್ರೆಯಲ್ಲೂ ಕೇಳು. ಮಣಿಪಾಲಕ್ಕೋ ಮಂಗಳೂರಿಗೋ ಹೋಗುವುದಾದರೆ ಆ ಆಸ್ಪತ್ರೆ ಸ್ಕೀಮಿನಲ್ಲಿದೆಯಾ ಅಂತ ಸ್ಕೀಮಿನ ಸಹಾಯವಾಣಿ 14555ಕ್ಕೆ ಫೋನ್ ಮಾಡಿ ಖಾತ್ರಿ ಮಾಡಿಕೋ. ಹೋದ ಮೇಲೆ ಮೊದಲು ಆರೋಗ್ಯಮಿತ್ರರ (ಆಸ್ಪತ್ರೆಯಲ್ಲಿ ಸ್ಕೀಮಿನ ಕೆಲಸ ನೋಡುವವರು) ಕೌಂಟರಿಗೆ ಹೋಗು. ದುಡ್ಡು ಕಟ್ಟಿ ಸೇರಿಸಿ ಆಮೇಲೆ ಕಾರ್ಡು ತೋರಿಸಬೇಡ.

ಜ್ವರ ಬಂದು ಕಣ್ಣು ಹಳದಿಯಾದರೆ, ಇಲ್ಲವೇ ನೋವು ತಡೆಯದಷ್ಟಾದರೆ, ರೆಫರಲ್ಲಿಗೆ ಕಾಯಬೇಡ. ತುರ್ತು ಚಿಕಿತ್ಸೆಗೆ ಅದು ಬೇಕಿಲ್ಲ. ಸ್ಕ್ಯಾನಿಂಗ್ ರಿಪೋರ್ಟು, ರೇಶನ್ ಕಾರ್ಡು, ಆಧಾರ್ ಮೂರನ್ನೂ ಇವತ್ತೇ ಒಂದು ಚೀಲದಲ್ಲಿ ಹಾಕಿ ಬಾಗಿಲ ಹತ್ತಿರ ನೇತುಹಾಕಿಡು.