ಹ್ಯೂ ಬ್ರಿಡ್ಜ್, ಐಕಿಯಾ ಬಲ್ಬ್, ವೈಫೈ ಬಲ್ಬ್: ಮೂರನ್ನೂ ಒಂದೇ ಕಡೆ ತರೋದು ಹೇಗೆ?

ಬೆಣ್ಣೆಖಾಲಿ:
ಮನೆ ದಾವಣಗೆರೆ ವಿದ್ಯಾನಗರದಲ್ಲಿ, ಎರಡು ಮಹಡಿ. ಕೆಳಗಿನ ಹಾಲ್‌ನಲ್ಲಿ ಫೈಬರ್ ರೂಟರ್, ಅದಕ್ಕೆ ಅಂಟಿಕೊಂಡೇ ಫಿಲಿಪ್ಸ್ ಹ್ಯೂ ಬ್ರಿಡ್ಜ್ (ಬಲ್ಬ್‌ಗಳನ್ನ ರೂಟರ್‌ಗೆ ಜೋಡಿಸೋ ಚೌಕದ ಬಿಳಿ ಡಬ್ಬಿ). ಬ್ರಿಡ್ಜ್‌ನಲ್ಲಿ 6 ಹ್ಯೂ ಬಲ್ಬ್, ಜೊತೆಗೆ ಬೆಂಗಳೂರು ನಾಗಸಂದ್ರದ ಐಕಿಯಾದಿಂದ ತಂದ 4 ಜಿಗ್‌ಬೀ ಬಲ್ಬ್ (ಜಿಗ್‌ಬೀ ಅಂದ್ರೆ ವೈಫೈ ಅಲ್ಲದ ಬೇರೆ ರೇಡಿಯೋ ಜಾಲ, ಹ್ಯೂದೂ ಅದೇ). ಇವಲ್ಲದೆ ಬೇರೆ ಆ್ಯಪ್‌ನಲ್ಲಿ ಓಡುವ 9 ವೈಫೈ ಬಲ್ಬ್.

ಸಂಜೆ ಏಳರ ನಂತರ ಮೇಲಿನ ಮಹಡಿಯ ಬಲ್ಬ್‌ಗಳು ಆ್ಯಪ್‌ಗೆ ಸಿಗೋದಿಲ್ಲ, ಬೆಳಗ್ಗೆ ತಾವೇ ಸರಿಹೋಗಿರ್ತಾವೆ. ರಾತ್ರಿ ಕರೆಂಟ್ ಹೋಗಿ ಬಂದರೆ ಎಲ್ಲಾ ಬಲ್ಬ್ ಫುಲ್ ಬೆಳಕಲ್ಲಿ ಹತ್ತಿಕೊಳ್ತಾವೆ, ಕೆಲವು ವೈಫೈ ಬಲ್ಬ್ ಮಿಣಮಿಣ ಅಂತಾ ಹಾಗೇ ಉಳೀತಾವೆ. ಇನ್ನು ಮುಂದೆ ಮ್ಯಾಟರ್ (ಎಲ್ಲಾ ಕಂಪನಿಗೂ ಒಂದೇ ಮಾನದಂಡ ಅಂತಾರಲ್ಲ, ಅದು) ಬಲ್ಬ್ ಮಾತ್ರ ಕೊಂಡರೆ ಎಲ್ಲಾ ಒಂದಾಗುತ್ತಾ? ಮೆಟ್ಟಿಲ ದೀಪಕ್ಕೆ ಕೆಳಗೆ ಮೇಲೆ ಟೂ-ವೇ ಸ್ವಿಚ್ ಇದೆ. ಹಿರಿಯರು ಗೋಡೆ ಸ್ವಿಚ್ಚೇ ಒತ್ತೋದು, ಅದೂ ಕೆಲಸ ಮಾಡಬೇಕು.

ದುರ್ಗದ_ಸಿಗ್ನಲ್:
ಸಂಜೆ ಮಾತ್ರ ಕೈಕೊಡುತ್ತದೆ ಅಂದರೆ ಮೊದಲ ಅನುಮಾನ ಚಾನಲ್ (ರೇಡಿಯೋ ಓಡುವ ಪಟ್ಟಿ) ಮೇಲೆ. ವೈಫೈ, ಜಿಗ್‌ಬೀ ಎರಡೂ 2.4 ಗಿಗಾಹರ್ಟ್ಸ್‌ನಲ್ಲೇ ಓಡುತ್ತವೆ. ವೈಫೈ ಒಂದು ಚಾನಲ್‌ಗೆ ಸುಮಾರು 20 ಮೆಗಾಹರ್ಟ್ಸ್ ಅಗಲ ಹಿಡಿಯುತ್ತದೆ, ಜಿಗ್‌ಬೀಗೆ ಬರೀ 2. ಮನೆಯವರೆಲ್ಲ ವಿಡಿಯೋ ನೋಡುವ ಹೊತ್ತಿಗೆ, ಪಕ್ಕದಲ್ಲೇ ಕೂತ ರೂಟರ್ ಅದೇ ಜಾಗದಲ್ಲಿ ಕೂಗುತ್ತಿದ್ದರೆ ಬ್ರಿಡ್ಜ್‌ಗೆ ದೂರದ ಬಲ್ಬ್‌ನ ಸಣ್ಣ ದನಿ ಕೇಳುವುದಿಲ್ಲ.

ಲೆಕ್ಕ ಹೀಗಿದೆ: ವೈಫೈ 1 ಜಿಗ್‌ಬೀಯ 11ರಿಂದ 14ನ್ನು ಮುಚ್ಚುತ್ತದೆ, ವೈಫೈ 6 ಜಿಗ್‌ಬೀ 16ರಿಂದ 19ನ್ನು, ವೈಫೈ 11 ಜಿಗ್‌ಬೀ 21ರಿಂದ 24ನ್ನು. ಹ್ಯೂ ಬ್ರಿಡ್ಜ್ ಬಳಸುವುದು 11, 15, 20, 25 ಮಾತ್ರ. ರೂಟರ್‌ನ 2.4 ಬ್ಯಾಂಡ್‌ನಲ್ಲಿ 'ಆಟೋ' ತೆಗೆದು ಚಾನಲ್ 1, ಅಗಲ 20 ಮೆಗಾಹರ್ಟ್ಸ್ ಎಂದು ಗಟ್ಟಿ ಮಾಡಿ. 40 ಇಟ್ಟರೆ ಅರ್ಧ ಬ್ಯಾಂಡ್ ನಿಮ್ಮದೇ ರೂಟರ್ ನುಂಗುತ್ತದೆ. ಆಮೇಲೆ ಎಲ್ಲಾ ಬಲ್ಬ್‌ಗಳ ಗೋಡೆ ಸ್ವಿಚ್ ಆನ್ ಇರುವಾಗ ಹ್ಯೂ ಆ್ಯಪ್‌ನ ಬ್ರಿಡ್ಜ್ ಸೆಟ್ಟಿಂಗ್‌ನಲ್ಲಿ ಜಿಗ್‌ಬೀ ಚಾನಲ್ ಬದಲಿಸಿ. ಯಾವುದಕ್ಕೆ ಹೋಗಬೇಕು ಅನ್ನುವುದನ್ನು ಬ್ರಿಡ್ಜ್ ತಾನೇ ಆರಿಸುತ್ತದೆ. 25 ಅಥವಾ 20 ಬರುವವರೆಗೆ ಮತ್ತೆ ಮಾಡಿ. ಆಫ್ ಇದ್ದ ಬಲ್ಬ್ ಹಳೇ ಚಾನಲ್‌ನಲ್ಲೇ ಹುಡುಕುತ್ತಾ ಇರುತ್ತದೆ, ಮತ್ತೆ ಸೇರಿಕೊಳ್ಳಲು ಹೊತ್ತು ಹಿಡಿಯುತ್ತದೆ.

ಇದಕ್ಕಿಂತ ಸುಲಭದ್ದು: 3 ಮೀಟರ್ ಲ್ಯಾನ್ ಕೇಬಲ್ ಹಾಕಿ ಬ್ರಿಡ್ಜನ್ನು ರೂಟರ್‌ನಿಂದ ದೂರ ಸರಿಸಿ, ಮೆಟ್ಟಿಲಿನ ಕಡೆಗೆ. ನಡುವೆ ಆರ್‌ಸಿಸಿ ಸ್ಲ್ಯಾಬ್ ಇದೆ. ಮೆಟ್ಟಿಲ ತೆರಪಿನಿಂದ ಸಿಗ್ನಲ್ ಹತ್ತಿದಷ್ಟು ಸುಲಭವಾಗಿ ಸ್ಲ್ಯಾಬ್ ದಾಟುವುದಿಲ್ಲ.

ಇಷ್ಟಾದರೂ ಹೋದರೆ, ದಾರಿಯ ಬಲ್ಬ್ ಒಂದನ್ನು ಯಾರೋ ಗೋಡೆಯಲ್ಲಿ ಆಫ್ ಮಾಡುತ್ತಿದ್ದಾರೆ ಅಂತ ಅರ್ಥ. ಜಿಗ್‌ಬೀಯಲ್ಲಿ ಪ್ರತಿ ಬಲ್ಬೂ ಮುಂದಿನದಕ್ಕೆ ಸಂದೇಶ ದಾಟಿಸುತ್ತದೆ. ಕೆಳಗಿನ ಪ್ಯಾಸೇಜ್ ಬಲ್ಬ್‌ಗೆ ಕರೆಂಟ್ ಇಲ್ಲದಿದ್ದರೆ ಮೇಲಿನದಕ್ಕೆ ದಾರಿ ಇಲ್ಲ. ವೈಫೈ ಬಲ್ಬ್‌ಗಳು ಈ ಸಾಲಿನಲ್ಲಿ ನಿಲ್ಲುವುದೇ ಇಲ್ಲ. ಐಕಿಯಾ ಬಲ್ಬನ್ನು ಮತ್ತೆ ಸೇರಿಸಬೇಕಾಗಿ ಬಂದರೆ ಆರು ಸಲ ಬೇಗಬೇಗ ಆನ್-ಆಫ್ ಮಾಡಿ, ಬ್ರಿಡ್ಜ್ ಹತ್ತಿರದ ಹೋಲ್ಡರ್‌ಗೆ ಹಾಕಿ ಹುಡುಕಿಸಿ, ಆಮೇಲೆ ಮೇಲೆ ಒಯ್ಯಿರಿ.

ಮಂಡಕ್ಕಿ_ಮಿರ್ಚಿ:
ಕರೆಂಟಿನ ವಿಷ್ಯಕ್ಕೆ ಬರ್ತೀನ್ರಿ. ಫುಲ್ ಹತ್ತೋದು ಕೆಟ್ಟದ್ದಲ್ಲ, ಬಲ್ಬಿನ ಹುಟ್ಟುಗುಣ: ಆ್ಯಪ್ ಇಲ್ಲದವರೂ ಸ್ವಿಚ್ ಒತ್ತಿದರೆ ಬೆಳಕು ಬರಲಿ ಅಂತ. ಹ್ಯೂ ಆ್ಯಪ್‌ನಲ್ಲಿ ಕರೆಂಟ್ ಬಂದಾಗ ಏನಾಗಬೇಕು ಅನ್ನೋ ಆಯ್ಕೆ ಐತಿ, ಅದನ್ನ 'ಹಿಂದಿನ ಸ್ಥಿತಿ'ಗೆ ಹಾಕ್ರಿ. ವೈಫೈ ಬಲ್ಬಿನ ಆ್ಯಪ್‌ನಲ್ಲೂ ಹುಡುಕ್ರಿ, ಬಹಳಷ್ಟರಲ್ಲಿ ಇರುತ್ತೆ. ಐಕಿಯಾದವಕ್ಕೆ ಹ್ಯೂ ಆ್ಯಪ್‌ನಲ್ಲಿ ಆ ಆಯ್ಕೆ ಕಾಣಲಿಲ್ಲ ಅಂದ್ರೆ ಅವನ್ನ ಮಲಗೋ ಕೋಣೆಗೆ ಹಾಕಬ್ಯಾಡ್ರಿ, ಅಷ್ಟೇ.

ಮಿಣಮಿಣ ಅನ್ನೋದು ಬೇರೆ ರೋಗ. ಬಹಳ ವೈಫೈ ಬಲ್ಬ್ ಮೂರು ಸಲ ಬೇಗ ಆನ್-ಆಫ್ ಆದರೆ 'ಹೊಸದಾಗಿ ಜೋಡಿಸು' ಅಂತ ತಿಳ್ಕೊಳ್ತಾವೆ. ಬೆಸ್ಕಾಂ ಲೈನು ಮಳೆಗಾಳಿಗೆ ಮೂರು ಸಲ ಬಂದು ಹೋಯ್ತು ಅನ್ನಿ, ಬಲ್ಬಿಗೆ ಅದು ನಿಮ್ಮದೇ ಅಪ್ಪಣೆ! ಆ ಲೈಟ್ ಪಾಯಿಂಟ್‌ಗಳನ್ನ ಇನ್ವರ್ಟರ್ ಲೈನಿಗೆ ತರ್ರಿ, ಇನ್ವರ್ಟರಿನ ಹಿಂದೆ ಯುಪಿಎಸ್/ಇಕೋ ಸ್ವಿಚ್ ಇದ್ದರೆ ಯುಪಿಎಸ್ ಕಡೆ ಇಡ್ರಿ. ರೂಟರ್‌ಗೆ 12 ವೋಲ್ಟ್ ಮಿನಿ ಯುಪಿಎಸ್ ಸಾಕು. ಆದರೆ ಆ ಚೌಕದ ಬ್ರಿಡ್ಜ್ 5 ವೋಲ್ಟಿಂದು, ಅದೇ 12ರ ಪಿನ್ ಚುಚ್ಚಿದ್ರೆ ಹೋಯ್ತು. 5 ವೋಲ್ಟ್ ಔಟ್‌ಪುಟ್ ಬೇರೆ ಇರೋ ಮಿನಿ ಯುಪಿಎಸ್ ತಗೊಳ್ರಿ, ಅಡಾಪ್ಟರ್ ಮೇಲಿನ ಅಂಕಿ ಓದಿ ಹಾಕ್ರಿ.

ಏಳುಸುತ್ತು:
ಮ್ಯಾಟರ್ ಬಗ್ಗೆ. ಮ್ಯಾಟರ್ ಅನ್ನುವುದು ರೇಡಿಯೋ ಅಲ್ಲ. ವೈಫೈ, ಥ್ರೆಡ್ (ಜಿಗ್‌ಬೀಯಂಥ ಇನ್ನೊಂದು ರೇಡಿಯೋ ಜಾಲ), ಈಥರ್‌ನೆಟ್ (ಲ್ಯಾನ್ ಕೇಬಲ್) ಮೇಲೆ ಕೂರುವ ಮಾತಿನ ಪದ್ಧತಿ. ಮೊದಲ ಆವೃತ್ತಿ ಬಂದದ್ದು 2022ರ ಅಕ್ಟೋಬರ್‌ನಲ್ಲಿ. ಡಬ್ಬಿಯ ಮೇಲೆ ಮ್ಯಾಟರ್ ಎಂದಿದ್ದರೆ ಸಾಲದು, ಒಳಗೆ ಥ್ರೆಡ್ಡೋ ವೈಫೈಯೋ ನೋಡಿ. ಥ್ರೆಡ್ ಆಗಿದ್ದರೆ ಅದನ್ನು ಮನೆಯ ವೈಫೈಗೆ ಜೋಡಿಸುವ ಬಾರ್ಡರ್ ರೂಟರ್ ಬೇಕು: ಹೋಮ್‌ಪಾಡ್ ಮಿನಿ, ಎರಡನೇ ತಲೆಮಾರಿನ ನೆಸ್ಟ್ ಹಬ್, ಇಂಥವು. ಥ್ರೆಡ್ ಮತ್ತು ಜಿಗ್‌ಬೀ ಒಂದೇ ಬಗೆಯ ರೇಡಿಯೋ ಬಳಸಿದರೂ ಒಂದರ ಸಂದೇಶವನ್ನು ಇನ್ನೊಂದು ದಾಟಿಸುವುದಿಲ್ಲ. ಅಂದರೆ ನಿಮ್ಮ 10 ಜಿಗ್‌ಬೀ ಬಲ್ಬ್‌ಗಳ ಪಕ್ಕದಲ್ಲಿ ಒಂದೇ ಒಂದು ಥ್ರೆಡ್ ಬಲ್ಬ್ ಇಟ್ಟರೆ ಅದು ಒಂಟಿಯೇ.

ಹ್ಯೂ ಬ್ರಿಡ್ಜ್‌ಗೆ 2023ರಲ್ಲೇ ಮ್ಯಾಟರ್ ಅಪ್‌ಡೇಟ್ ಬಂದಿದೆ, ಹ್ಯೂ ಬಲ್ಬ್ ಎಸೆಯಬೇಕಿಲ್ಲ. ಹ್ಯೂ ಆ್ಯಪ್‌ನಲ್ಲಿ ಮ್ಯಾಟರ್ ಕೋಡ್ ತೆಗೆದು, ಗೂಗಲ್ ಹೋಮ್, ಆಪಲ್ ಹೋಮ್, ಹೋಮ್ ಅಸಿಸ್ಟೆಂಟ್ ಯಾವುದಾದರೂ ಒಂದಕ್ಕೆ ಕೊಡಿ. ಐಕಿಯಾದ 4 ಅಲ್ಲಿ ಕಾಣದಿದ್ದರೆ ಮ್ಯಾಟರ್ ಬಿಟ್ಟು ಹ್ಯೂ ಖಾತೆಯನ್ನೇ ನೇರ ಜೋಡಿಸಿ ನೋಡಿ. ವೈಫೈ 9 ಮ್ಯಾಟರ್ ಅಲ್ಲದಿದ್ದರೆ ಅವುಗಳ ಖಾತೆಯನ್ನೂ ಅಲ್ಲಿಗೇ ಜೋಡಿಸಬಹುದು, ಇಂಟರ್ನೆಟ್ ಹೋದರೆ ಹೀಗೆ ಖಾತೆಯ ಮೂಲಕ ಜೋಡಿಸಿದವು ಅಲ್ಲಿಂದ ಮಾತು ಕೇಳುವುದಿಲ್ಲ.

ಮ್ಯಾಟರ್ ಜೋಡಣೆ ಅರ್ಧಕ್ಕೆ ನಿಂತರೆ ನೋಡಬೇಕಾದ್ದು: ಫೋನ್ ಗೆಸ್ಟ್ ವೈಫೈನಲ್ಲಿ ಇರಬಾರದು, ರೂಟರ್‌ನಲ್ಲಿ ಎಪಿ ಐಸೊಲೇಷನ್ (ಸಾಧನಗಳು ಒಂದನ್ನೊಂದು ಕಾಣದಂತೆ ತಡೆಯುವ ಸೆಟ್ಟಿಂಗ್) ಆಫ್ ಇರಬೇಕು, ಐಪಿವಿ6 (ಹೊಸ ಬಗೆಯ ನೆಟ್‌ವರ್ಕ್ ವಿಳಾಸ) ಆನ್ ಇರಬೇಕು. ವೈಫೈ ಭದ್ರತೆಯಲ್ಲಿ ಡಬ್ಲ್ಯೂಪಿಎ3 ಮಾತ್ರ ಇಟ್ಟಿದ್ದರೆ ಅಗ್ಗದ ಬಲ್ಬ್ ಸೇರುವುದೇ ಕಷ್ಟ, ಡಬ್ಲ್ಯೂಪಿಎ2ಕ್ಕೆ ಇಳಿಸಿ. ಎರಡನೇ ಜಿಗ್‌ಬೀ ಹಬ್ ಕೊಳ್ಳಲೇಬೇಡಿ. ಎರಡು ಜಿಗ್‌ಬೀ ಜಾಲ ಅಂದರೆ ಎರಡೂ ಬಡಕಲು.

ಬೆಣ್ಣೆಖಾಲಿ:
ರೂಟರ್ ಈಗ ನೋಡಿದೆ, ಆಟೋದಲ್ಲಿ ಇದೆ, 40. ಬದಲಿಸ್ತೀನಿ. ಮೆಟ್ಟಿಲಿಗೆ ಏನು ಮಾಡಲಿ? ಮೇಲಿನ ಬೋರ್ಡ್‌ನಲ್ಲಿ 5 ಆ್ಯಂಪ್ ಪ್ಲಗ್ ಇದೆ, ಕೆಳಗಿನದರಲ್ಲಿ ಬರೀ ಸ್ವಿಚ್.

ದುರ್ಗದ_ಸಿಗ್ನಲ್:
ಪ್ಲಗ್ ಇದ್ದರೆ ಆ ಬೋರ್ಡ್‌ನಲ್ಲಿ ನ್ಯೂಟ್ರಲ್ ಇದೆ ಅಂತ. ಒಳ್ಳೆಯದಾಯಿತು. ಮೆಟ್ಟಿಲಿಗೆ ಸ್ಮಾರ್ಟ್ ಬಲ್ಬ್ ಬೇಡ, ಸಾದಾ ಎಲ್‌ಇಡಿ ಇರಲಿ. ಮೇಲಿನ ಬೋರ್ಡ್‌ನಲ್ಲಿ ವೈಫೈ ಮೇಲೆ ಮ್ಯಾಟರ್ ಓಡಿಸುವ, ನ್ಯೂಟ್ರಲ್ ಬೇಡುವ ರಿಲೇ ಮಾಡ್ಯೂಲ್ (ಸ್ವಿಚ್ ಹಿಂದೆ ಕೂತು ದೀಪ ಆನ್-ಆಫ್ ಮಾಡುವ ಪುಟ್ಟ ಡಬ್ಬಿ) ಒಂದು, ಬೆಲ್ ಪುಶ್ ಸ್ವಿಚ್ (ಕಾಲಿಂಗ್ ಬೆಲ್ ಗುಂಡಿಯಂಥದ್ದು) ಎರಡು. ಬ್ರಿಡ್ಜ್, ಇಂಟರ್ನೆಟ್ ಎರಡೂ ಸತ್ತರೂ ಗುಂಡಿ ಒತ್ತಿದರೆ ದೀಪ ಹತ್ತುತ್ತದೆ.

ಕೆಳಗಿನ ಸ್ವಿಚ್‌ಗೆ ಬರುವ ಫೇಸ್ ಬಿಚ್ಚಿ ತುದಿಗೆ ಕನೆಕ್ಟರ್ ಹಾಕಿ ಮುಚ್ಚಬೇಕು. ಎರಡು ಸ್ವಿಚ್‌ಗಳ ನಡುವೆ ಓಡುವ ಎರಡು ತಂತಿಗಳನ್ನು ಕೆಳಗಿನ ಬೆಲ್ ಪುಶ್‌ಗೆ ಕಟ್ಟಿ, ಮೇಲೆ ಅದೇ ಎರಡನ್ನು ಮಾಡ್ಯೂಲ್‌ನ ಸ್ವಿಚ್ ಪಾಯಿಂಟ್‌ಗಳಾದ ಎಸ್1, ಎಸ್2ಗೆ. ಮೇಲಿನ ಬೆಲ್ ಪುಶ್ ಕೂಡ ಅವೆರಡಕ್ಕೇ, ಪ್ಯಾರಲಲ್ ಆಗಿ. ಮಾಡ್ಯೂಲ್‌ಗೆ ಫೇಸ್, ನ್ಯೂಟ್ರಲ್ ಮೇಲಿನ ಪ್ಲಗ್‌ನಿಂದ, ದೀಪಕ್ಕೆ ಹೋಗುವ ತಂತಿ ಮಾಡ್ಯೂಲ್ ಔಟ್‌ಪುಟ್‌ಗೆ. ಆ್ಯಪ್‌ನಲ್ಲಿ ಸ್ವಿಚ್ ಬಗೆ ಬೆಲ್ ಪುಶ್ ಎಂದು ಆರಿಸಿ. ಹಳೇ ಸ್ವಿಚ್ಚೇ ಉಳಿಸಿದರೆ ಒಂದು ಆನ್‌ನಲ್ಲಿ ಇರುವಾಗ ಇನ್ನೊಂದು ಕೆಲಸ ಮಾಡುವುದಿಲ್ಲ. ಎಸ್1, ಎಸ್2ಗೆ ಫೇಸ್ ತಾಗಬಾರದಂಥ ಮಾಡ್ಯೂಲ್‌ಗಳೇ ಹೆಚ್ಚು, ಜೊತೆಗೆ ಬಂದ ಚಿತ್ರ ನೋಡಿ.

ಮಂಡಕ್ಕಿ_ಮಿರ್ಚಿ:
ಒಂದು ಸೇರಿಸ್ತೀನಿ. ದೀಪದ ನ್ಯೂಟ್ರಲ್ ಕೆಳಗಿನ ಸರ್ಕ್ಯೂಟಿಂದು, ಫೇಸ್ ಮೇಲಿನ ಪ್ಲಗ್‌ದು ಆದರೆ, ಎರಡಕ್ಕೂ ಬೇರೆ ಬೇರೆ ಆರ್‌ಸಿಸಿಬಿ (ಕರೆಂಟ್ ಸೋರಿದರೆ ಲೈನ್ ಕಡಿಯೋ ಬ್ರೇಕರ್) ಇದ್ದಲ್ಲಿ ಲೈಟ್ ಹತ್ತಿದ ಕೂಡಲೇ ಟ್ರಿಪ್ ಆಗುತ್ತೆ. ಎಲೆಕ್ಟ್ರಿಷಿಯನ್‌ಗೆ ಮೊದಲೇ ಹೇಳ್ರಿ, ಎರಡೂ ಒಂದೇ ಸರ್ಕ್ಯೂಟಿಂದ ಬರಲಿ. ಬೋರ್ಡಿನ ಹಿಂದೆ ಜಿಐ ತಗಡಿನ ಬಾಕ್ಸ್ ಇದ್ದರೆ ಮಾಡ್ಯೂಲನ್ನ ಒಳಕ್ಕೆ ತುರುಕದೆ ಪ್ಲಾಸ್ಟಿಕ್ ಪ್ಲೇಟಿನ ಬೆನ್ನಿಗೆ ಇಡಿಸ್ರಿ, ತಗಡು ಸಿಗ್ನಲ್ ತಿನ್ನುತ್ತೆ. ಮತ್ತೆ ಮೇನ್ ಆಫ್ ಮಾಡಿದ್ರೆ ಸಾಲದು, ಇನ್ವರ್ಟರ್ ಲೈನ್ ಜೀವಂತ ಇರುತ್ತೆ. ಅದನ್ನೂ ಬಂದ್ ಮಾಡಿ, ಟೆಸ್ಟರ್ ಹಚ್ಚಿ ನೋಡಿದ ಮ್ಯಾಲೆ ಬೋರ್ಡ್ ಬಿಚ್ಚಲಿ.